ಎರಡನೆಯ ಏಟು

ಮಂಗಳವಾರ ಮಧ್ಯಾಹ್ನ ಒಂದೂಕಾಲರ ಹೊತ್ತಿಗೆ, ಠಾಣೆಯಲ್ಲಿ ಅರ್ಧ ಜನ ಊಟಕ್ಕೆ ಎದ್ದಿದ್ದಾಗ, ಹೆಂಗಸೊಬ್ಬಳು ಬರಿಗಾಲಲ್ಲಿ ಒಳಗೆ ಬಂದಳು. ವಯಸ್ಸು ಮೂವತ್ತರ ಆಸುಪಾಸು. ಎಡ ತೋಳಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿಯೊಂದು ನೇತಾಡುತ್ತಿತ್ತು. ಅದನ್ನು ಹೊತ್ತು ತಂದಿರುವುದು ಅವಳಿಗೇ ತಿಳಿದಂತಿರಲಿಲ್ಲ.

ಮೇಜಿನ ಹಿಂದೆ ಕುಳಿತಿದ್ದವನು ಹೆಡ್ ಕಾನ್‌ಸ್ಟೆಬಲ್. ಆಸಾಮಿ ಒಣಕಲು ಕಡ್ಡಿ. ಅದಕ್ಕೇ ಠಾಣೆಯವರೆಲ್ಲ ದಫೇದಾರ ಎನ್ನುವ ಬದಲು ಅವನನ್ನು ದಪ್ಪೇದಾರ ಎಂದು ಕರೆಯುತ್ತಿದ್ದರು. ಅವನಿಗೂ ಅದು ಒಗ್ಗಿಹೋಗಿತ್ತು.

"ಏನಮ್ಮ?"

"ನಮ್ಮನೆಯವರಿಗೆ ಹೊಡೆದೆ ಸಾರ್."

ದಪ್ಪೇದಾರ ಪೆನ್ನು ಕೆಳಗಿಟ್ಟ. ಇಪ್ಪತ್ತೈದು ವರ್ಷದ ನೌಕರಿಯಲ್ಲಿ ಹೆಂಡತಿಗೆ ಹೊಡೆದವರ ಮೇಲಿನ ದೂರು ಅವನು ಲೆಕ್ಕವಿಲ್ಲದಷ್ಟು ಕೇಳಿದ್ದ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಕೂತ್ಕೊ ತಾಯಿ, ಒಂದ್ ಲೋಟ ನೀರು ಕುಡಿ."

"ಬಿದ್ದಿದ್ದಾರೆ. ಯಾರಾದ್ರೂ ಹೋಗಿ ನೋಡಿ."

ಒಳಕೋಣೆಯ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡ ಇನ್‌ಸ್ಪೆಕ್ಟರ್ ಹತ್ತಿರ ಬಂದು, ಹೆಂಗಸಿನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಕುತ್ತಿಗೆಯ ಎರಡೂ ಬದಿಯಲ್ಲಿ ಬೆರಳಿನ ಗುರುತುಗಳು ಕೆಂಪಗೆ ಎದ್ದಿದ್ದವು. ಎಡಗಣ್ಣಿನ ಬಿಳಿಭಾಗದಲ್ಲಿ ರಕ್ತ ಹರಡಿತ್ತು.

"ಗಾದೆ ಆಮೇಲೆ ಹೇಳಿ," ಎಂದಳು ದಪ್ಪೇದಾರನಿಗೆ. "ಜೀಪು ತೆಗೆಯೋಕೆ ಹೇಳಿ. ಇವಳನ್ನ ಆಸ್ಪತ್ರೆಗೆ ಕಳಿಸಿ, ಜೊತೆಗೆ ಮಹಿಳಾ ಪೇದೆ ಇರಲಿ. ಡಾಕ್ಟರು ಕುತ್ತಿಗೆ ನೋಡಿ ಬರೆದುಕೊಡೋ ತನಕ ಅಲ್ಲಿಂದ ಕದಲಬಾರದು."

ಹೆಂಗಸು ಮನೆಯ ಗುರುತು ಹೇಳಿದಳು. ಠಾಣೆಯಿಂದ ಎರಡು ಬೀದಿ ಆಚೆ. ಮುಂದೆ ಇಸ್ತ್ರಿ ಅಂಗಡಿ, ಹಿಂದೆಯೇ ಸಂಸಾರ. ಗಂಡ ಸಾಮಾನು ಸಾಗಿಸುವ ಟೆಂಪೋ ಓಡಿಸುತ್ತಾನೆ. ಮನೆಯಲ್ಲಿ ಇರುವುದು ಮೂರೇ ಜನ: ಗಂಡ, ತಾನು, ಅತ್ತೆ.

ಜೀಪು ಹೋಗಿ ನಿಂತಾಗ ಅಂಗಡಿಯ ಮುಂದೆ ಇನ್ನೂ ಜನ ಸೇರಿರಲಿಲ್ಲ. ಎದುರಿನ ಗಡಿಯಾರ ರಿಪೇರಿ ಅಂಗಡಿಯವನು ಮಾತ್ರ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆಯದೆ ತಲೆ ಎತ್ತಿ ನೋಡಿದ, ಮತ್ತೆ ತಗ್ಗಿಸಿದ.

ಅಂಗಡಿಯೊಳಗೆ ಬಟ್ಟೆ ಸುಟ್ಟ ವಾಸನೆ ಅಡರಿತ್ತು. ಗೋಡೆಯುದ್ದಕ್ಕೂ ಗಿರಾಕಿಗಳ ಬಟ್ಟೆಯ ಗಂಟುಗಳು. ನಡುವೆ ಕಂಬಳಿ ಹೊದಿಸಿದ ಉದ್ದನೆಯ ಮೇಜು. ಮೇಜಿಗೂ ಒಳಬಾಗಿಲಿಗೂ ನಡುವೆ ಗಂಡಸೊಬ್ಬ ಬೋರಲಾಗಿ ಬಿದ್ದಿದ್ದ. ದಪ್ಪೇದಾರ ಮಂಡಿಯೂರಿ ಕುತ್ತಿಗೆಯ ಬಳಿ ಬೆರಳಿಟ್ಟು ನೋಡಿ, ಜೀವವಿಲ್ಲವೆಂದು ತಲೆಯಾಡಿಸಿದ.

ಕರೆಂಟಿನ ಇಸ್ತ್ರಿಪೆಟ್ಟಿಗೆ ನೆಲದ ಮೇಲೆ ಮಗುಚಿಕೊಂಡಿತ್ತು. ಕೆಳಗೆ ಸಿಕ್ಕಿದ್ದ ಸೀರೆ ಕರಕಲಾಗಿ ಹೊಗೆಯಾಡುತ್ತಿತ್ತು. ದಪ್ಪೇದಾರ ಪ್ಲಗ್ಗಿಗೆ ಕೈ ಹಾಕಿದ.

"ತಡೀರಿ. ಮೊದಲು ಬರ್ಕೊಳ್ಳಿ. ಸ್ವಿಚ್ ಆನ್ ಇತ್ತು, ಪೆಟ್ಟಿಗೆ ಕಾದಿತ್ತು, ಬಟ್ಟೆ ಸುಡ್ತಾ ಇತ್ತು. ಆಮೇಲೆ ಕೀಳಿ."

ಅವನು ಬರೆದುಕೊಂಡು ಪ್ಲಗ್ ಕಿತ್ತ. ಒಳಬಾಗಿಲು ತಾನಾಗಿ ಕಿರ್ರೆಂದು ಮುಚ್ಚಿಕೊಂಡು ಅವನ ಬೆನ್ನಿಗೆ ಬಡಿಯಿತು. ತಳ್ಳಿದ. ಮತ್ತೆ ಬಂದು ಬಡಿಯಿತು. "ಇದೊಂದು ಶನಿ," ಎಂದು ಗೊಣಗಿ ಲಾಠಿಯನ್ನು ಅಡ್ಡ ಕೊಟ್ಟ.

ಬಾಗಿಲಾಚೆ ನಡುಮನೆಯಲ್ಲಿ ಅರವತ್ತು ದಾಟಿದ ಮುದುಕಿ ಗೋಡೆಗೆ ಒರಗಿ ಕುಳಿತಿದ್ದಳು. ಮೊಣಕೈ ತನಕ ತೋಳು ಒದ್ದೆ. ಕಣ್ಣಲ್ಲಿ ನೀರಿರಲಿಲ್ಲ.

"ನೀವು ಇವರಿಗೆ ಏನಾಗಬೇಕು ಅಮ್ಮ?"

"ಹೆತ್ತವಳು."

"ಏನಾಯ್ತು?"

"ಸೊಸೆ ಕುತ್ತಿಗೆ ಹಿಸುಕ್ತಿದ್ದ. ಅವಳು ಹೊಡೆದಳು. ಬಿದ್ದ."

"ನೀವು ನೋಡಿದ್ರಾ?"

"ಹಿತ್ತಲಲ್ಲಿ ಬಟ್ಟೆ ಒಗೀತಿದ್ದೆ. ಸದ್ದು ಕೇಳಿ ಬಂದೆ." ಮುದುಕಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಆಮೇಲೆ, ಯಾರೂ ಕೇಳದಿದ್ದರೂ, ತಾನೇ ಕೇಳಿದಳು: "ಜೀವ ಉಳಿಸ್ಕೊಳ್ಳೋಕೆ ಹೊಡೆದ್ರೆ ತಪ್ಪಲ್ಲ ಅಲ್ವಾ ತಾಯಿ? ಟೀವೀಲಿ ವಕೀಲರು ಹೇಳ್ತಿದ್ರು."

"ಕಾನೂನು ಹಾಗೇ ಹೇಳುತ್ತೆ," ಎಂದಳು ಇನ್‌ಸ್ಪೆಕ್ಟರ್.

ಮುದುಕಿ ದೀರ್ಘವಾಗಿ ಉಸಿರು ಬಿಟ್ಟಳು.

ಸಾಕ್ಷಿಗೆ ಪಂಚರು ಬಂದರು: ಬೀದಿಯ ಕೊನೆಯ ಔಷಧಿ ಅಂಗಡಿಯವನು, ಇನ್ನೊಬ್ಬ ನಿವೃತ್ತ ಮೇಷ್ಟ್ರು. ಸ್ಥಳ ಪಂಚನಾಮೆ, ಶವ ಪಂಚನಾಮೆ ಮುಗಿಯುವಾಗ ಸಂಜೆಯಾಗಿತ್ತು. ಇನ್‌ಸ್ಪೆಕ್ಟರ್ ಹಿತ್ತಲಿಗೂ ಹೋಗಿ ಬಂದಳು. ಒಗೆಯುವ ಕಲ್ಲು ನೀರಾಗಿತ್ತು, ಸೋಪಿನ ನೊರೆ ಇನ್ನೂ ಬಚ್ಚಲ ಬಾಯಲ್ಲಿತ್ತು. ತೊಟ್ಟಿಯಲ್ಲಿದ್ದ ಬಟ್ಟೆಯ ರಾಶಿಗೆ ಕೈ ಹಾಕಿದಳು. ಎಲ್ಲ ಒಣಬಟ್ಟೆ. ಒಂದಕ್ಕೂ ನೀರು ಸೋಕಿರಲಿಲ್ಲ. ಅದನ್ನೂ ಬರೆಸಿದಳು. ಏಕೆಂದು ದಪ್ಪೇದಾರ ಕೇಳಲಿಲ್ಲ. ಈ ಮೇಡಂ ಮೊದಲು ಬರೆಸುತ್ತಾರೆ, ಆಮೇಲೆ ಯೋಚಿಸುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು.

ಅಂದು ಸಂಜೆ ಆಸ್ಪತ್ರೆಯ ಹಾಸಿಗೆಯಲ್ಲಿ ಸೊಸೆಯ ಹೇಳಿಕೆ ದಾಖಲಾಯಿತು. ಅವಳ ಧ್ವನಿ ಗೊಗ್ಗರಾಗಿತ್ತು. ನುಂಗಲು ಕಷ್ಟವಾಗುತ್ತಿತ್ತು.

"ಜಗಳ ಯಾಕೆ ಬಂತು?"

"ಟೆಂಪೋ ಬೀಗದ ಕೈ ಸಿಗಲಿಲ್ಲ. ನಾನು ಬಚ್ಚಿಟ್ಟಿದ್ದೀನಿ ಅಂದ್ರು. ಅವರ ಜೇಬಲ್ಲೇ ಇತ್ತು."

"ಆಮೇಲೆ?"

"ಮೇಜಿಗೆ ಒತ್ತಿ ಹಿಡಿದ್ರು. ಎರಡೂ ಕೈಲಿ. ಹಿಂದೆಲ್ಲ ಹೊಡೀತಿದ್ರು, ಬಿಡ್ತಿದ್ರು. ಈ ಸಲ ಬಿಡಲಿಲ್ಲ. ಕಣ್ಣು ಕತ್ತಲೆ ಬಂತು. ಕೈಗೆ ಇಸ್ತ್ರಿಪೆಟ್ಟಿಗೆ ಸಿಕ್ತು."

"ಎಷ್ಟು ಸಲ ಹೊಡೆದೆ?"

"ಒಂದು ಸಲ. ಮುಖದ ಈ ಕಡೆ." ಅವಳು ತನ್ನ ಎಡಗೆನ್ನೆ ಮುಟ್ಟಿ ತೋರಿಸಿದಳು. "ಕೈ ಬಿಟ್ರು. ಕುಸಿದು ಕೂತ್ರು, ಆಮೇಲೆ ಒರಗಿ ಬಿದ್ರು. ನಾನು ಓಡಿಬಂದೆ. ಮೇಡಂ, ಅವರು ಹೇಗಿದ್ದಾರೆ?"

ಅವಳಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಇನ್‌ಸ್ಪೆಕ್ಟರ್ ಹೇಳಿದಳು. ಹೆಂಗಸು ಚಾವಣಿ ನೋಡುತ್ತ, "ಅತ್ತೆ ಒಬ್ಬರೇ ಇದ್ದಾರಾ ಮನೇಲಿ?" ಎಂದು ಕೇಳಿದಳು.

ಅವಳ ದೂರನ್ನು ಅವಳ ಮಾತಿನಲ್ಲೇ ಬರೆದು ಎಫ್‌ಐಆರ್ ದಾಖಲಿಸಿದರು. ಪ್ರಕರಣ ನೇರವಾಗಿ ಕಂಡಿತು. ಕುತ್ತಿಗೆ ಹಿಸುಕುವವನ ಕೈಯಿಂದ ಬಿಡಿಸಿಕೊಳ್ಳಲು ಕೈಗೆ ಸಿಕ್ಕಿದ್ದರಿಂದ ಹೊಡೆದಿದ್ದಾಳೆ. ಅವನು ಸತ್ತಿದ್ದರೂ ಅದು ಅವಳ ಹಕ್ಕಿನೊಳಗಿನ ಮಾತು. ದಪ್ಪೇದಾರ ಕಡತ ಕಟ್ಟುತ್ತ, "ಹೂ ಎತ್ತಿದ ಹಾಗೆ ಮುಗಿಯುತ್ತೆ ಮೇಡಂ," ಎಂದ.

ಬುಧವಾರ ಮಧ್ಯಾಹ್ನ ಮರಣೋತ್ತರ ಪರೀಕ್ಷೆಯ ವರದಿ ಬಂತು. ಹೂವಿನಲ್ಲಿ ಮುಳ್ಳಿತ್ತು.

ಗಾಯಗಳು ಎರಡು. ಮೊದಲನೆಯದು ಎಡಗೆನ್ನೆಯಿಂದ ಕಿವಿಯವರೆಗೆ: ಚರ್ಮ ಸೀಳಿ, ಸುತ್ತ ಸುಟ್ಟಿದೆ, ಮೂಳೆ ಮುರಿದಿಲ್ಲ. ಎರಡನೆಯದು ತಲೆಯ ಹಿಂಭಾಗ: ತಲೆಬುರುಡೆ ಒಡೆದಿದೆ. ಸಾವಿಗೆ ಕಾರಣ ಎರಡನೆಯದು. ಎರಡೂ ಗಾಯ ಮೊನೆಯುಳ್ಳ ಭಾರವಾದ ಕಬ್ಬಿಣದ ವಸ್ತುವಿನಿಂದ ಆಗಿರಬಹುದು.

ಡಿವೈಎಸ್ಪಿ ಸಾಹೇಬರು ವರದಿಯನ್ನು ಓದಿ ಕನ್ನಡಕ ತೆಗೆದರು.

"ಒಂದೇಟು ಹೊಡೆದಳು, ಅವನು ಕೈ ಬಿಟ್ಟ. ಅಲ್ಲಿಗೆ ಅವಳ ಹಕ್ಕು ಮುಗೀತು. ಆಮೇಲೆ ಹಿಂದಿನಿಂದ ತಲೆ ಒಡೆದಿದ್ದಾಳೆ. ಅದನ್ನ ಆತ್ಮರಕ್ಷಣೆ ಅಂತ ಹೇಗೆ ಬರೀತೀರಿ?"

"ಅವಳು ಒಂದೇ ಸಲ ಹೊಡೆದೆ ಅಂತಾಳೆ ಸಾರ್."

"ಎಲ್ಲರೂ ಒಂದೇ ಸಲ ಅಂತಾರೆ. ನೋಡಿ, ನನಗೂ ಪಾಪ ಅನ್ಸುತ್ತೆ. ಆದ್ರೆ ಕಾನೂನು ಭಯ ಇರೋ ತನಕ ಮಾತ್ರ ಜೊತೆಗಿರುತ್ತೆ. ಭಯ ಹೋದ ಮೇಲೆ ಹೊಡೆದಿದ್ದು ಸೇಡು. ಕೊಲೆ ಅಂತ ಸೇರಿಸಿ, ಅರೆಸ್ಟ್ ತೋರಿಸಿ."

ಸಾಹೇಬರು ಹೇಳಿದ ಕಾನೂನು ಸರಿಯಾಗಿತ್ತು. ಅದನ್ನು ಇನ್‌ಸ್ಪೆಕ್ಟರ್ ಅಲ್ಲಗಳೆಯಲಿಲ್ಲ. ಆಸ್ಪತ್ರೆಗೆ ಹೋಗಿ, ಮಹಿಳಾ ಪೇದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೊಸೆಗೆ ಮತ್ತೆ ಕೇಳಿದಳು.

"ನಿನ್ನ ಗಂಡನ ತಲೆ ಹಿಂದೆ ಇನ್ನೊಂದು ಗಾಯ ಇದೆ. ಪ್ರಾಣ ಹೋಗಿದ್ದು ಅದರಿಂದ."

"ಹಿಂದೆ ಅಂದ್ರಾ?"

"ಹಿಂದೆ. ಮೇಲಿನಿಂದ ಬಿದ್ದ ಏಟು."

ಹೆಂಗಸಿನ ಮುಖದಲ್ಲಿ ಮೊದಲು ಗೊಂದಲ, ಆಮೇಲೆ ಇನ್ನೇನೋ ಹಾದುಹೋಯಿತು. ಹೊದಿಕೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು.

"ಹೌದು. ನಾನೇ ಹೊಡೆದೆ."

"ನಿನ್ನೆ ಒಂದೇ ಅಂದಿದ್ದೆ."

"ಮರೆತಿದ್ದೆ. ಎರಡು ಸಲ."

"ಯಾವುದರಿಂದ?"

"ಅದೇ ಇಸ್ತ್ರಿಪೆಟ್ಟಿಗೆಯಿಂದ. ಎರಡೂ ಏಟು ನಂದೇ. ಬರ್ಕೊಳ್ಳಿ ಮೇಡಂ."

ಇನ್‌ಸ್ಪೆಕ್ಟರ್ ಬರೆದುಕೊಂಡಳು. ಹೊರಗೆ ಬಂದು ಜೀಪಿನಲ್ಲಿ ಕೂತ ಮೇಲೆ ಮರಣೋತ್ತರ ವರದಿಯನ್ನೂ ಪಂಚನಾಮೆಯನ್ನೂ ಮಡಿಲ ಮೇಲೆ ಹರಡಿಕೊಂಡಳು.

"ಒಪ್ಪಿಕೊಂಡಳಲ್ಲ ಮೇಡಂ," ಎಂದ ದಪ್ಪೇದಾರ. ಅವನ ಧ್ವನಿಯಲ್ಲಿ ಸಂತೋಷವಿರಲಿಲ್ಲ.

"ಸುಳ್ಳು ಹೇಳ್ತಿದ್ದಾಳೆ. ಕೆನ್ನೆ ಸುಟ್ಟಿದೆ. ತಲೆ ಹಿಂದೆ ಒಂದು ಕೂದಲೂ ಸುಟ್ಟಿಲ್ಲ. ನಾವು ಹೋದಾಗ ಪೆಟ್ಟಿಗೆ ಹೇಗಿತ್ತು?"

"ಸೀರೆ ಸುಡ್ತಾ ಇತ್ತು."

"ಅಂದ್ರೆ ಮೊದಲಿಂದ ಕೊನೆ ತನಕ ಅದು ಕಾದೇ ಇತ್ತು. ಆ ಪೆಟ್ಟಿಗೆ ಎರಡನೇ ಸಲ ತಲೆ ಮುಟ್ಟಿಲ್ಲ. ಬೇರೆ ಏನೋ ಇದೆ. ತಣ್ಣಗಿರೋದು."

ದಪ್ಪೇದಾರ ಕುಳಿತಲ್ಲೇ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. ಆ ಮನೆಯಲ್ಲಿ ಉಳಿದವರು ಒಬ್ಬರೇ. ಇನ್‌ಸ್ಪೆಕ್ಟರ್ ಡಿವೈಎಸ್ಪಿಗೆ ಫೋನ್ ಮಾಡಿ, "ಬಂಧನಕ್ಕೆ ಒಂದು ದಿನ ಕೊಡಿ ಸಾರ್," ಎಂದಳು.

"ಅವಳೇ ಒಪ್ಪಿಕೊಂಡ ಮೇಲೆ ನಿಮ್ಮದೇನ್ರೀ ತಕರಾರು?"

"ಅವಳು ಮಾಡದ್ದನ್ನ ಒಪ್ಪಿಕೊಂಡಿದ್ದಾಳೆ. ಕೋರ್ಟಲ್ಲಿ ಯಾರಾದ್ರೂ ಬುದ್ಧಿವಂತ ವಕೀಲ ಆ ಸುಟ್ಟ ಸೀರೆ ಎತ್ತಿ ಹಿಡಿದ್ರೆ ನಮ್ಮ ಮುಖ ಎಲ್ಲಿಡೋಣ?"

ಸಾಹೇಬರು "ನಾಳೆ ಸಂಜೆ ತನಕ," ಎಂದು ಫೋನ್ ಇಟ್ಟರು.

ಗಡಿಯಾರ ರಿಪೇರಿಯವನು ಮೊದಲು ಏನೂ ನೋಡಿಲ್ಲ ಎಂದ. ಕೇಳಿಲ್ಲ ಎಂದ. ತನ್ನ ಕೆಲಸ ಸೂಕ್ಷ್ಮದ್ದು, ತಲೆ ಎತ್ತಲು ಪುರುಸೊತ್ತಿಲ್ಲ ಎಂದ. ಇನ್‌ಸ್ಪೆಕ್ಟರ್ ಅವನ ಸ್ಟೂಲಿನ ಮೇಲೆ ಕುಳಿತು, ಗೋಡೆಯ ತುಂಬ ಹತ್ತಾರು ಬಗೆಯ ಹೊತ್ತು ತೋರಿಸುತ್ತಿದ್ದ ಗಡಿಯಾರಗಳನ್ನು ನೋಡಿದಳು.

"ಇದರಲ್ಲಿ ಯಾವುದು ಸರಿಯಾದ ಟೈಮ್?"

"ಯಾವುದೂ ಅಲ್ಲ ಮೇಡಂ. ಸರಿಯಿದ್ರೆ ನನ್ನ ಹತ್ರ ಯಾಕೆ ತರ್ತಾರೆ?"

"ಆ ಮನೆ ಜಗಳ ನಿಮಗೆ ಹೊಸದಲ್ಲ ಅಲ್ವಾ?"

ಅವನು ಚಿಮಟ ಕೆಳಗಿಟ್ಟ. "ಇಲ್ಲ."

"ಜಗಳ ಶುರುವಾದ್ರೆ ಏನು ಮಾಡ್ತಿದ್ರಿ?"

"ರೇಡಿಯೋ ಜೋರು ಮಾಡ್ತಿದ್ದೆ." ಇದನ್ನು ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ. "ಎದುರುಮನೆ ವ್ಯವಹಾರ. ನಾವು ಯಾಕೆ ತಲೆ ಹಾಕಬೇಕು ಅಂತ."

"ನಿನ್ನೆ?"

"ನಿನ್ನೆನೂ ಜೋರು ಮಾಡಿದೆ. ಆಮೇಲೆ ಆಯಮ್ಮ ಚಪ್ಪಲಿ ಇಲ್ಲದೆ ಓಡೋದು ಕಾಣಿಸ್ತು. ರೇಡಿಯೋ ಆಫ್ ಮಾಡಿದೆ."

"ಆಫ್ ಮಾಡಿದ ಮೇಲೆ ಏನಾದ್ರೂ ಕೇಳಿಸ್ತಾ?"

"ಅವನ ಧ್ವನಿ ಕೇಳಿಸ್ತು."

ದಪ್ಪೇದಾರ ತಲೆ ಎತ್ತಿದ. ಇನ್‌ಸ್ಪೆಕ್ಟರ್ ಮಾತ್ರ ಅದೇ ಸ್ವರದಲ್ಲಿ ಮುಂದುವರಿದಳು.

"ಅವನು ಅಂದ್ರೆ ಯಾರು?"

"ಸತ್ತೋದವನು. ಅಮ್ಮಾ ಅಂತ ಕೂಗಿದ. ಎರಡು ಸಲ. ಆಮೇಲೆ ಏನೋ ಮಾತಾಡ್ತಿದ್ದ, ಸಣ್ಣ ಧ್ವನಿ, ಪದ ತಿಳೀಲಿಲ್ಲ."

"ಆಯಮ್ಮ ಓಡಿಹೋದ ಮೇಲೇನಾ? ಸರಿಯಾಗಿ ಯೋಚಿಸಿ ಹೇಳಿ."

"ಆದ್ಮೇಲೇನೇ. ಅವಳು ಬೀದಿ ತಿರುವಿನಲ್ಲಿ ಮರೆಯಾದ್ಳು, ಆಮೇಲೆ. ಗಾಬರಿಯಾಗಿದ್ದೆ, ಅವನ ಧ್ವನಿ ಕೇಳಿ ಸದ್ಯ ಏನೂ ಆಗಿಲ್ಲ ಅಂತ ಮತ್ತೆ ಕೆಲಸಕ್ಕೆ ಕೂತೆ."

"ಮತ್ತೆ ಅವಳು ವಾಪಸ್ ಬಂದಳಾ?"

"ಇಲ್ಲ. ನೀವೇ ಬಂದಿದ್ದು."

ಠಾಣೆಯ ಬಾಗಿಲ ಕ್ಯಾಮೆರಾದಲ್ಲಿ ಸೊಸೆ ಒಳಗೆ ಬಂದದ್ದು ದಾಖಲಾಗಿತ್ತು. ನಡುವಿನ ಬೀದಿಯ ಬ್ಯಾಂಕಿನ ಕ್ಯಾಮೆರಾದಲ್ಲಿ ಅವಳು ಒಮ್ಮೆಯೂ ನಿಲ್ಲದೆ, ಹಿಂತಿರುಗಿ ನೋಡದೆ ಓಡಿದ್ದು ಕಾಣುತ್ತಿತ್ತು. ಎರಡನ್ನೂ ಮಹಜರು ಮಾಡಿ ವಶಕ್ಕೆ ತೆಗೆದುಕೊಂಡರು. ಗಡಿಯಾರದವನು ಹೇಳಿಕೆಯನ್ನು ಓದಿಸಿ ಕೇಳಿಕೊಂಡು, "ಮೊದಲೇ ಯಾವತ್ತಾದ್ರೂ ಎದ್ದು ಹೋಗಿ ಕೇಳಬೇಕಿತ್ತು," ಎಂದ. ಅದನ್ನು ಹೇಳಿಕೆಯಲ್ಲಿ ಬರೆಯುವಂತಿರಲಿಲ್ಲ.

ಗುರುವಾರ ಬೆಳಗ್ಗೆ ಪಂಚರನ್ನು ಕರೆದುಕೊಂಡು ಮತ್ತೆ ಇಸ್ತ್ರಿ ಅಂಗಡಿಗೆ ಹೋದರು. ಮುದುಕಿ ಬಾಗಿಲು ತೆರೆದು ಪಕ್ಕಕ್ಕೆ ಸರಿದಳು. ದಪ್ಪೇದಾರ ಒಳಬಾಗಿಲು ತಳ್ಳಿದ. ಅದು ಮತ್ತೆ ಬಂದು ಅವನ ಭುಜಕ್ಕೆ ಬಡಿಯಿತು.

"ಈ ಬಾಗಿಲು ನಿಲ್ಲೋದೇ ಇಲ್ಲ," ಎಂದ.

ಇನ್‌ಸ್ಪೆಕ್ಟರ್ ಬಾಗಿಲನ್ನೂ ನೆಲವನ್ನೂ ನೋಡಿದಳು. ಅಂಗಡಿಯವರು ದಿನಕ್ಕೆ ನೂರು ಸಲ ಕೈ ತುಂಬ ಬಟ್ಟೆ ಹೊತ್ತು ಓಡಾಡುವ ಬಾಗಿಲು ಅದು. ಹೀಗೆ ಬಡಿಯುತ್ತಿದ್ದರೆ ಕೆಲಸ ಸಾಗುವುದಿಲ್ಲ. ಅವಳು ಮಂಡಿಯೂರಿದಳು. ಗೋಡೆಯ ಬದಿಯಲ್ಲಿ, ಬಾಗಿಲು ಪೂರ್ತಿ ತೆರೆದಾಗ ನಿಲ್ಲುವ ಜಾಗದಲ್ಲಿ, ಸಿಮೆಂಟಿನ ನೆಲ ಒಂದು ಆಕಾರದಲ್ಲಿ ಮಾತ್ರ ಕಪ್ಪಾಗಿತ್ತು. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ದೋಣಿಯ ಹಾಗೆ ಮೊನೆ.

"ಇಲ್ಲಿ ಏನಿತ್ತು ಅಮ್ಮ?"

ಮುದುಕಿ ಅತ್ತ ನೋಡದೆ ನಡುಮನೆಗೆ ಹೋಗಿ ಕುಳಿತಳು.

"ಹುಡುಕಿ," ಎಂದಳು ಇನ್‌ಸ್ಪೆಕ್ಟರ್.

ಬಹಳ ಹೊತ್ತು ಬೇಕಾಗಲಿಲ್ಲ. ಅಟ್ಟದ ಮೇಲೆ, ಹಳೆಯ ಕಂಬಳಿಗಳ ಹಿಂದೆ, ಟವೆಲಿನಲ್ಲಿ ಸುತ್ತಿದ್ದ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಸಿಕ್ಕಿತು. ಕರೆಂಟಿನದು ಬರುವ ಮೊದಲು ಅಂಗಡಿಯಲ್ಲಿ ಬಳಸುತ್ತಿದ್ದುದು. ಎರಡು ಕೈ ಹಾಕಿ ಎತ್ತಬೇಕಾದ ತೂಕ. ಇಷ್ಟು ವರ್ಷ ನೆಲದ ಮೇಲೆ ಬಾಗಿಲಿಗೆ ಒತ್ತಾಗಿದ್ದ ವಸ್ತು ಫಳಫಳ ಹೊಳೆಯುತ್ತಿತ್ತು. ಸೋಪಿನ ಪುಡಿ ಹಾಕಿ ತಿಕ್ಕಿದ್ದರು. ಮಂಗಳವಾರ ಹಿತ್ತಲಲ್ಲಿ ತೊಳೆದದ್ದು ಬಟ್ಟೆಯನ್ನಲ್ಲ. ಆದರೆ ಮುಚ್ಚಳದ ಕೀಲಿನ ಸಂದಿಗೆ ಬೆರಳು ಹೋಗುವುದಿಲ್ಲ. ಇನ್‌ಸ್ಪೆಕ್ಟರ್ ಟಾರ್ಚ್ ಹಿಡಿದು ನೋಡಿದಳು. ಸಂದಿಯಲ್ಲಿ ಕಂದು ಬಣ್ಣದ ಪೊರೆ ಒಣಗಿತ್ತು. ಅದರಲ್ಲಿ ಒಂದು ಕೂದಲು ಅಂಟಿಕೊಂಡಿತ್ತು.

ಪಂಚರ ಸಹಿ ಹಾಕಿಸಿ, ಅರಗಿನ ಮೊಹರು ಒತ್ತಿ, ಪ್ರಯೋಗಾಲಯಕ್ಕೆ ಕಳಿಸಲು ದಪ್ಪೇದಾರ ಅದನ್ನು ಜೀಪಿಗೆ ಹೊತ್ತೊಯ್ದ.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಗಂಡಸು ಬಂದು ನಿಂತ. ಬಡಗಿ. ತಲೆಗೂದಲಲ್ಲಿ ಇನ್ನೂ ಮರದ ಪುಡಿ ಇತ್ತು. ಸೊಸೆಯ ಅಣ್ಣನೆಂದು ಹೇಳಿಕೊಂಡ. ತಂಗಿಯ ಬಟ್ಟೆ ತೆಗೆದುಕೊಂಡು ಹೋಗಲು ಬಂದಿದ್ದ. ಇನ್‌ಸ್ಪೆಕ್ಟರ್ ಅವನನ್ನು ಬೀದಿಗೆ ಕರೆದೊಯ್ದು ಮಾತಾಡಿಸಿದಳು.

"ತಂಗಿ ಇಷ್ಟು ಕಷ್ಟದಲ್ಲಿದ್ದಾಳೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಮೇಡಂ. ಎರಡು ಸಲ ನಮ್ಮನೆಗೆ ಬಂದುಬಿಟ್ಟಿದ್ಳು. ಮೊದಲನೇ ಸಲ ಕೈ ಮುರಿದಿತ್ತು. ಇನ್ನು ಕಳಿಸಲ್ಲ ಅಂತ ತೀರ್ಮಾನ ಮಾಡಿದ್ವಿ."

"ಮತ್ತೆ?"

"ಅತ್ತೆಮ್ಮ ಬಂದ್ರು." ಅವನು ಒಳಗೆ ಕಣ್ಣು ಹಾಯಿಸಿ ಧ್ವನಿ ತಗ್ಗಿಸಿದ. "ಅವರ ಮೇಲೆ ನಮ್ಮ ತಂಗಿಗೆ ಪ್ರಾಣ. ಇವಳು ಮದುವೆಯಾಗಿ ಬಂದ ವರ್ಷವೇ ನಮ್ಮಮ್ಮ ತೀರಿಕೊಂಡ್ರು. ಆವತ್ತಿಂದ ಅವರೇ ಅಮ್ಮ. ನಮ್ಮ ಹೊಸಿಲಲ್ಲಿ ನಿಂತು, ಇನ್ಮೇಲೆ ಅವಳ ಮೈಗೆ ಕೈ ತಾಗಿದ್ರೆ ನನ್ನ ಕೇಳಿ ಅಂದ್ರು. ಮಗನ ಮುಖ ನೋಡಿ ನಾವು ಕಳಿಸಲಿಲ್ಲ. ಅವರ ಮುಖ ನೋಡಿ ಕಳಿಸಿದ್ವಿ. ಎರಡೂ ಸಲ."

"ಎರಡನೇ ಸಲವೂ ಅದೇ ಮಾತಾ?"

"ಅದೇ ಮಾತು."

ಇನ್‌ಸ್ಪೆಕ್ಟರ್ ಒಳಗೆ ಹೋಗಿ ಮುದುಕಿಯ ಎದುರು ನೆಲದ ಮೇಲೆ ಕುಳಿತಳು. ಮಹಿಳಾ ಪೇದೆ ಪಕ್ಕದಲ್ಲಿ ಕುಳಿತಳು. ದಪ್ಪೇದಾರ ಬಾಗಿಲಿಗೆ ಬೆನ್ನು ಕೊಟ್ಟು, ಅದು ಮುಚ್ಚದ ಹಾಗೆ ನಿಂತ.

"ಅಮ್ಮ, ನೀವು ನನಗೆ ಏನೂ ಹೇಳಬೇಕಾಗಿಲ್ಲ. ಪೊಲೀಸರ ಮುಂದೆ ಹೇಳಿದ್ದು ಕೋರ್ಟಲ್ಲಿ ನಡೆಯೋದೂ ಇಲ್ಲ. ಹೇಳೋದಿದ್ರೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಬಹುದು. ಬೇಡ ಅಂದ್ರೆ ಸುಮ್ಮನಿರಬಹುದು. ಆದ್ರೆ ಒಂದು ವಿಷಯ ನಿಮಗೆ ಗೊತ್ತಿರಬೇಕು. ನಿಮ್ಮ ಸೊಸೆ ಎರಡೂ ಏಟು ನಂದೇ ಅಂತ ಬರೆಸಿದ್ದಾಳೆ."

"ಎರಡು ಯಾಕೆ?" ಮುದುಕಿ ಥಟ್ಟನೆ ಕೇಳಿದಳು. "ಅವಳು ಹೊಡೆದಿದ್ದು ಒಂದೇ."

"ನಮಗೂ ಗೊತ್ತು."

"ಜೀವ ಉಳಿಸ್ಕೊಳ್ಳೋಕೆ ಹೊಡೆದ್ರೆ ತಪ್ಪಲ್ಲ ಅಂದ್ರಲ್ಲ ನೀವು."

"ಮೊದಲನೇ ಏಟಿಗೆ ತಪ್ಪಲ್ಲ. ಎರಡನೇದಕ್ಕೆ ಕಾನೂನು ಆ ಮಾತು ಹೇಳಲ್ಲ. ಕೈ ಬಿಟ್ಟು ಕೂತವನಿಗೆ ಹೊಡೆದ್ರೆ ಅದು ಕೊಲೆ. ಇವತ್ತು ಸಂಜೆ ಅವಳನ್ನ ಬಂಧಿಸಬೇಕು ಅಂತ ಆರ್ಡರ್ ಇದೆ."

ಮುದುಕಿ ಎರಡೂ ಅಂಗೈಗಳನ್ನು ಮಂಡಿಯ ಮೇಲಿಟ್ಟುಕೊಂಡಳು. ಒಂದು ಏಟಿಗೆ ಇರುವ ಕ್ಷಮೆ ಎರಡಕ್ಕೂ ಸಾಲುತ್ತದೆ ಎಂದು ಎರಡು ದಿನ ನಂಬಿಕೊಂಡಿದ್ದವಳು ಅವಳು. ಸುಮ್ಮನಿದ್ದರೆ ಯಾರಿಗೂ ಏನೂ ಆಗುವುದಿಲ್ಲ ಎಂದುಕೊಂಡಿದ್ದಳು.

"ಅವಳನ್ನ ಬಿಡಿ. ಅದು ನಾನು," ಎಂದಳು.

ದಪ್ಪೇದಾರ ಗಂಟಲು ಸರಿಮಾಡಿಕೊಂಡ. ಅವನಿಗೆ ಸುಮ್ಮನಿರಲು ಆಗಲಿಲ್ಲ. "ಅಮ್ಮ, ನಿಮ್ಮ ಮಗ ಎದ್ದು ಸೊಸೆ ಹಿಂದೆ ಹೊರಟಿದ್ನಾ? ಕೊಂದೇಬಿಡ್ತೀನಿ ಅಂತ ಏನಾದ್ರೂ? ನೆನಪು ಮಾಡ್ಕೊಂಡು ಹೇಳಿ. ಬೇರೆಯವರ ಜೀವ ಉಳಿಸೋಕೆ ಹೊಡೆದ್ರೂ ಕಾನೂನು..."

"ದಫೇದಾರ್ರೇ," ಎಂದಳು ಇನ್‌ಸ್ಪೆಕ್ಟರ್. ಅವಳು ಅವನನ್ನು ಹಾಗೆ ಸರಿಯಾಗಿ ಕರೆದದ್ದು ಅಪರೂಪ. ಅವನು ಬಾಯಿ ಮುಚ್ಚಿದ.

ಆದರೆ ಮುದುಕಿ ಆ ಮಾತನ್ನು ಯೋಚಿಸಿಯೇ ಉತ್ತರ ಕೊಟ್ಟಳು. "ಇಲ್ಲಪ್ಪ. ಎಲ್ಲಿಗೂ ಹೊರಟಿರಲಿಲ್ಲ. ನಾನು ಹಿತ್ತಲಿಂದ ಬರೋ ಹೊತ್ತಿಗೆ ಮೇಜಿಗೆ ಒರಗಿಕೊಂಡು ಎದ್ದು ಕೂತಿದ್ದ. ನನ್ನ ಕಡೆಗೆ ಬೆನ್ನು. ಮುಖಕ್ಕೆ ಕೈ ಇಟ್ಕೊಂಡಿದ್ದ. ಅಮ್ಮಾ ಅಂದ."

"ಆಮೇಲೆ?"

"ನಾನು ಇದ್ದೀನಿ ಅಂದೆ. ನೀರು ತರ್ಲಾ ಅಂದೆ. ಬೇಡ ಅಂದ. ಅಳ್ತಿದ್ನೋ ನಗ್ತಿದ್ನೋ ತಿಳೀಲಿಲ್ಲ." ಮುದುಕಿ ಮೇಜಿನ ಕಡೆ ನೋಡಿದಳು. "ಹೋಗಿ ಅವಳನ್ನ ಕರ್ಕೊಂಡ್ ಬಾ ಅಂದ. ನೀನು ಕರೆದ್ರೆ ಬಂದೇ ಬರ್ತಾಳೆ ಅಂದ."

ಮಹಿಳಾ ಪೇದೆ ಪೆನ್ನು ಹಿಡಿದಿದ್ದಳು, ಬರೆಯುತ್ತಿರಲಿಲ್ಲ.

"ಅದು ನಿಜ ತಾಯಿ. ನಾನು ಕರೆದ್ರೆ ಬರ್ತಾಳೆ. ಎರಡು ಸಲ ಬಂದಿದ್ದಾಳೆ. ನಾನೂ ಹೋಗಿದ್ದೆ, ಎರಡೂ ಸಲ. ಅವನು ಕಣ್ಣೀರು ಹಾಕಿದ, ನಾನು ಚಪ್ಪಲಿ ಮೆಟ್ಕೊಂಡು ಹೋದೆ. ಮಗ ಬುದ್ಧಿ ಕಲೀತಾನೆ ಅಂತ ಅಲ್ಲ. ಹೆತ್ತ ಕರುಳು, ಅವನು ಒಬ್ಬನೇ ಕೂತು ಉಣ್ಣೋದನ್ನ ನೋಡೋಕಾಗ್ತಿರಲಿಲ್ಲ."

"ನಿಮಗೆ ಆಗ ಅವನ ಭಯ ಇತ್ತಾ?"

"ಅವನೇನು ಮಾಡ್ತಿದ್ದ, ಏಳೋಕೂ ತ್ರಾಣ ಇರಲಿಲ್ಲ. ನಾನು ಹೋಗ್ತಿದ್ದೆ ತಾಯಿ. ಇವತ್ತಲ್ಲದಿದ್ರೆ ಒಂದು ವಾರಕ್ಕೆ, ಒಂದು ತಿಂಗಳಿಗೆ, ಮತ್ತೆ ಹೋಗಿ ಆ ಹೊಸಿಲಲ್ಲಿ ನಿಂತು ಅದೇ ಮಾತು ಹೇಳ್ತಿದ್ದೆ. ಅವಳು ಬರ್ತಿದ್ಳು. ಮೂರನೇ ಸಲ ಅವಳು ಉಳೀತಿರಲಿಲ್ಲ. ಬಾಗಿಲ ಹತ್ರ ಆ ಹಳೇ ಪೆಟ್ಟಿಗೆ ಇತ್ತು. ಅದು ಎಷ್ಟು ಭಾರ ಅಂತ ಎತ್ತಿದ ಮೇಲೇ ಗೊತ್ತಾಗಿದ್ದು."

ಹೊರಗೆ ಯಾರೋ ಗಿರಾಕಿ ಬಟ್ಟೆ ಆಗಿದೆಯಾ ಎಂದು ಕೂಗಿ ಕೇಳಿದರು. ಬಡಗಿ ಏನೋ ಹೇಳಿ ಕಳಿಸಿದ.

"ಮೊದಲು ಅವಳನ್ನ ಅಣ್ಣನ ಮನೆಗೆ ಕಳಿಸಿ. ಆಮೇಲೆ ನಾನು ಬರ್ತೀನಿ," ಎಂದಳು ಮುದುಕಿ.

"ಹಾಗೆಲ್ಲ ಷರತ್ತು ಹಾಕೋಕಾಗಲ್ಲ ಅಮ್ಮ," ಎಂದಳು ಇನ್‌ಸ್ಪೆಕ್ಟರ್. ಎದ್ದು ಬೀದಿಗೆ ಹೋಗಿ ಡಿವೈಎಸ್ಪಿಗೆ ಫೋನ್ ಮಾಡಿದಳು. ಸುಟ್ಟ ಸೀರೆ, ಸುಡದ ಕೂದಲು, ಗಡಿಯಾರದವನ ಹೇಳಿಕೆ, ಎರಡು ಕ್ಯಾಮೆರಾ, ಒಣಬಟ್ಟೆಯ ತೊಟ್ಟಿ, ಕೀಲಿನ ಸಂದಿ. ಒಂದೊಂದಾಗಿ ಹೇಳಿದಳು. ಸಾಹೇಬರು ನಡುವೆ ಒಂದೇ ಪ್ರಶ್ನೆ ಕೇಳಿದರು: "ಮುದುಕಿಗೆ ಏನಾದ್ರೂ ದಾರಿ ಇದೆಯಾ?"

"ಅವರು ಹೇಳಿದ್ದನ್ನ ಅವರು ಹೇಳಿದ ಹಾಗೇ ಬರೀತೀನಿ ಸಾರ್. ದಾರಿ ಕೋರ್ಟ್ ಹುಡುಕಲಿ."

ಸೊಸೆಯ ಮೇಲೆ ಕ್ರಮದ ಅಗತ್ಯವಿಲ್ಲ, ಅವಳ ಏಟು ತನ್ನ ಪ್ರಾಣರಕ್ಷಣೆಯ ಹಕ್ಕಿನೊಳಗಿತ್ತು ಎಂದು ಕಡತದಲ್ಲಿ ವರದಿ ಸೇರಿತು. ಮಧ್ಯಾಹ್ನ ಬಡಗಿ ತಂಗಿಯನ್ನು ಆಸ್ಪತ್ರೆಯಿಂದ ತನ್ನ ಮನೆಗೆ ಕರೆದೊಯ್ದ. ಅತ್ತೆ ಎಲ್ಲಿ ಎಂದು ಅವಳು ಕೇಳಿದಾಗ ಮಹಿಳಾ ಪೇದೆ, "ಮನೇಲಿದ್ದಾರೆ," ಎಂದಳು. ಆ ಹೊತ್ತಿಗೆ ಅದು ನಿಜವಾಗಿತ್ತು.

ಮುದುಕಿ ಮೂರು ಗಂಟೆಯ ಹೊತ್ತಿಗೆ ಠಾಣೆಗೆ ಬಂದಳು. ಮಹಿಳಾ ಪೇದೆಯ ಜೊತೆ ನಡೆದುಕೊಂಡೇ ಬಂದಳು. ಜೀಪು ಬೇಡ, ಬೀದಿಯವರು ನೋಡುವುದಿದ್ದರೆ ಮುಖ ನೋಡಲಿ ಎಂದಿದ್ದಳಂತೆ. ಗಡಿಯಾರದವನು ಅಂಗಡಿಯಿಂದ ಇಳಿದು ಬಂದು ಬೀದಿಬದಿಯಲ್ಲಿ ನಿಂತಿದ್ದ.

ಅವಳ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ಮರುದಿನ ದಾಖಲಿಸಿಕೊಳ್ಳುವುದೆಂದು ನಿಗದಿಯಾಯಿತು. ಇನ್‌ಸ್ಪೆಕ್ಟರ್ ಬಂಧನದ ಪತ್ರವನ್ನು ತಾನೇ ತುಂಬಿದಳು. ಆಪಾದನೆಯನ್ನು ಓದಿ ಹೇಳಿದಳು. ಕೊಲೆ ಎಂಬ ಮಾತು ಬಂದಾಗ ಮುದುಕಿ ತಲೆ ಆಡಿಸಿದಳು, ವಾದ ಮಾಡಲಿಲ್ಲ. ಮಗನ ಹೆಸರು ಬಂದಾಗ ಮಾತ್ರ ಒಮ್ಮೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದಪ್ಪೇದಾರ ಲೋಟದಲ್ಲಿ ನೀರು ತಂದು ಮೇಜಿನ ಮೇಲಿಟ್ಟು ಹೋದ.

"ಇನ್ನೊಂದು ಕೇಳಬೇಕು ಅಮ್ಮ. ನಿಮ್ಮ ಬಂಧನದ ವಿಷಯ ನಿಮ್ಮವರು ಯಾರಿಗಾದ್ರೂ ತಿಳಿಸಬೇಕು. ಅದು ನಿಯಮ. ಯಾರಿಗೆ ತಿಳಿಸಲಿ?"

ಮುದುಕಿ ಲೋಟದ ನೀರನ್ನು ಒಂದು ಗುಟುಕು ಕುಡಿದಳು.

"ನನ್ನ ಸೊಸೆಗೆ."

ಇನ್‌ಸ್ಪೆಕ್ಟರ್ ಬರೆದಳು. ಬರೆದು ಮುಗಿಸಿ, ಸಹಿಗೆ ಕಾಗದ ಮುಂದೆ ಸರಿಸಿದಳು. ಮುದುಕಿ ಹೆಬ್ಬೆಟ್ಟನ್ನು ಶಾಯಿಗೆ ಒತ್ತಿ, ಹಾಗೇ ತಡೆದಳು.

"ಅವಳು ಇಲ್ಲಿಗೆ ಬರ್ತೀನಿ ಅಂತಾಳೆ. ನೀವು ತಿಳಿಸಿ, ಅಷ್ಟೇ. ಕರ್ಕೊಂಡ್ ಬರಬೇಡಿ."